ಕಸ್ತೂರೆವ್ವನ ಕೈಗೂಡು

ಬೆಟಗೇರಿ,
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ತಂಗಿ ಕಸ್ತೂರೆವ್ವನಿಗೆ ಅಣ್ಣ ಪುಂಡಲೀಕಪ್ಪನ ಆಶೀರ್ವಾದಗಳು.

ಮೊಣಕಾಲು ನೋವು ಹೇಗಿದೆ? ಎಡಗಾಲೋ ಬಲಗಾಲೋ ನೆನಪಾಗುತ್ತಿಲ್ಲ. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟೂ ಗೊತ್ತಿಲ್ಲವೇ ಎಂದು ಬೈಯುತ್ತೀಯ, ಬೈದರೂ ಅಡ್ಡಿಯಿಲ್ಲ. ವಿಜಯಪುರದಲ್ಲಿ ಈ ಸಲ ಚಳಿ ಜೋರು ಎಂದು ಪೇಪರಿನಲ್ಲಿ ಓದಿದೆ. ಹಾಸ್ಟೆಲ್ಲಿನ ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ ಮಲಗುತ್ತೀಯಂತೆ, ಒಂದು ಕಡೆ ಅಕ್ಕಿ ಚೀಲ, ಇನ್ನೊಂದು ಕಡೆ ನಿನ್ನ ಟ್ರಂಕು. ನಮ್ಮ ವಿದ್ಯಾಶ್ರೀ ಮುಂಡರಗಿಯಿಂದ ನಿನ್ನನ್ನು ನೋಡಲು ಬಂದಿದ್ದಳಲ್ಲ, ಅವಳು ಹೇಳಿದಳು. ಆ ದಿನ ಮಗಳು ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಆಫೀಸಿನ ನಂಬರಿಗೆ ಮಾಡಿದರೆ ಯಾರೋ ಒಬ್ಬಾಕೆ ‘ಅಜ್ಜಿ ಕೆಲಸದಾಗ ಅದಾರ್ರಿ’ ಅನ್ನುತ್ತಾಳೆ. ಐವತ್ತೊಂಬತ್ತಕ್ಕೇ ನೀನು ಅಜ್ಜಿಯಾದೆ ನೋಡು! ಅದಕ್ಕೇ ಈ ಕಾಗದ. ನಿನ್ನ ಕಣ್ಣಿಗೆ ಪೊರೆ ಬಂದಿದೆ ಎಂದು ಗೊತ್ತು, ಹಾಸ್ಟೆಲ್ಲಿನ ಹುಡುಗಿ ಯಾರೋ ಓದಿ ಹೇಳುತ್ತಿರಬಹುದು. ಓದುತ್ತಿರುವ ಮಗಳೇ, ನಿಧಾನವಾಗಿ ಓದು. ಮೂವತ್ನಾಲ್ಕು ವರ್ಷ ಕಂಡಕ್ಟರನಾಗಿ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ ಇದು, ಅಕ್ಷರ ಈಗಲೂ ಕುಲುಕಾಡುತ್ತವೆ.

ನಾನು ಆರಾಮ ಇದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದು ತಿಳಿದುಕೋ. ಬಲಭುಜ ಹಾಗೇ ಇದೆ. ಬಸ್ಸಿನ ಮೇಲಿನ ಕಂಬಿಗೆ ಜೋತುಬಿದ್ದು ಜೋತುಬಿದ್ದು ಕೀಲು ತುಕ್ಕು ಹಿಡಿದಿದೆ, ತೋಳು ಎದೆಯ ಮಟ್ಟ ದಾಟುವುದಿಲ್ಲ. ರೊಟ್ಟಿ ಖಾನಾವಳಿಯಿಂದ ತರುತ್ತೇನೆ, ಪಲ್ಯ ಮಾಡಿಕೊಳ್ಳುತ್ತೇನೆ. ಚಹಾ ಮಾತ್ರ ಇವತ್ತಿಗೂ ಎರಡು ಕಪ್ಪು ನೀರಿಟ್ಟುಬಿಡುತ್ತೇನೆ, ಕುದಿ ಬಂದ ಮೇಲೆ ನೆನಪಾಗುತ್ತದೆ. ಚೆಲ್ಲಲು ಮನಸ್ಸು ಬರದೆ ಎರಡನ್ನೂ ನಾನೇ ಕುಡಿಯುತ್ತೇನೆ. ಮನೆಯಲ್ಲಿ ಕುಳಿತು ಬೇಸರ ಬಂದರೆ ಲಕ್ಷ್ಮೇಶ್ವರದ ಗಾಡಿ ಹತ್ತುತ್ತೇನೆ. ಅಲ್ಲಿ ನನಗೆ ಏನೂ ಕೆಲಸವಿಲ್ಲ. ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ಅದೇ ಗಾಡಿಗೆ ವಾಪಸು ಬರುತ್ತೇನೆ. ಹೊಸ ಕಂಡಕ್ಟರ್ ಹುಡುಗರು ‘ಮುಂದ ಸರೀರಿ, ಜಾಗಾ ಐತಿ’ ಎಂದು ಕೂಗುವುದನ್ನು ಕೇಳುತ್ತಾ ಕುಳಿತರೆ ಹೊತ್ತು ಹೋಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ವಿದ್ಯಾಶ್ರೀಗೂ ಹೇಳಬೇಡ.

ಈಗ ಸುದ್ದಿ. ಅಸುಂಡಿಯಲ್ಲಿ ಮನೆ ಏಳುತ್ತಿದೆ. ಮನೆಯಿಲ್ಲದವರಿಗೆ ಮನೆ ಕಟ್ಟಿಕೊಡುವ ನಮ್ಮ ಬಳಗದ ಇಪ್ಪತ್ತಾರನೆಯ ಮನೆ. ಅದು ನಿನಗಾಗಿ ಏಳುತ್ತಿದೆ ಎಂದು ನಿನಗೆ ಗೊತ್ತು, ಕಾರ್ಯದರ್ಶಿ ರೇಷ್ಮಾ ಎರಡು ಪತ್ರ ಹಾಕಿದ್ದಾಳೆ. ಎರಡಕ್ಕೂ ನೀನು ಉತ್ತರ ಕೊಟ್ಟಿಲ್ಲ. ಮೂರು ಗೋಡೆ ತಲೆಮಟ್ಟ ದಾಟಿವೆ. ಪಡಸಾಲೆಯ ಒಂದು ಗೋಡೆಯನ್ನು ಸೊಂಟದ ಮಟ್ಟಕ್ಕೆ ನಿಲ್ಲಿಸಿಬಿಟ್ಟಿದ್ದೇವೆ. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಓದುತ್ತಿರುವ ಮಗಳಿಗೆ ತಿಳಿಯಲಿಕ್ಕಿಲ್ಲ, ಅವಳಿಗಾಗಿ ಬರೆಯುತ್ತೇನೆ. ನಾವು ಕಟ್ಟುವ ಪ್ರತಿ ಮನೆಯ ಪಡಸಾಲೆಯಲ್ಲಿ ದೀಪಕ್ಕೆ ಒಂದು ಗೂಡು ಬಿಡುತ್ತೇವಮ್ಮಾ. ಎಷ್ಟು ಎತ್ತರದಲ್ಲಿ ಎಂದು ಹೇಳುವ ಅಧಿಕಾರ ಗೌಂಡಿಗಿಲ್ಲ. ಆ ಮನೆಯಲ್ಲಿ ದೀಪ ಹಚ್ಚುವವರು ಗೋಡೆಯ ಎದುರು ನಿಂತು, ಹಣತೆ ಹಿಡಿದ ಹಾಗೆ ಕೈ ಚಾಚಬೇಕು. ಗೌಂಡಿ ಒಂದೊಂದೇ ಸಾಲು ಇಟ್ಟಂಗಿ ಏರಿಸುತ್ತಾ ಬರುತ್ತಾನೆ. ಗೋಡೆ ಅವರ ಅಂಗೈಗೆ ಕೆಳಗಿನಿಂದ ತಾಗಿದಾಗ ಅವರು ‘ಸಾಕು’ ಅನ್ನಬೇಕು. ಅಲ್ಲಿಗೆ ಗೂಡು. ಅದನ್ನು ನಾವು ಕೈಗೂಡು ಎಂದು ಕರೆಯುತ್ತೇವೆ, ಬಳಗದ ಹೆಸರೂ ಅದೇ. ‘ಸಾಕು’ ಅನ್ನುವ ತನಕ ಮನೆ ಬಳಗದ್ದು, ಅಂದ ಮೇಲೆ ಅವರದು. ಆಮೇಲೆ ಕಟ್ಟಿದ ನಾವೇ ಒಳಗೆ ಕಾಲಿಡಬೇಕಾದರೂ ಹೊರಗೆ ನಿಂತು ‘ಬರಬಹುದೇನ್ರಿ’ ಎಂದು ಕೇಳಬೇಕು. ಬಳಗ ಶುರುಮಾಡಿದ ಗವಿಸಿದ್ದಪ್ಪ ಮಾಸ್ತರರು ಹಾಕಿಕೊಟ್ಟ ಪದ್ಧತಿ ಇದು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಯಾರೂ ತಪ್ಪಿಸಿಲ್ಲ.

ತಪ್ಪಿದ್ದು ಒಂದೇ ಸಲ, ಅದೂ ಮೊದಲನೆಯ ಮನೆಯಲ್ಲಿ, ಅದೂ ನಿನ್ನಿಂದ. ನನಗೆ ಹನ್ನೆರಡು, ನಿನಗೆ ಏಳು. ಮಾಸ್ತರರು ಶಾಲೆಯ ಮಕ್ಕಳನ್ನೆಲ್ಲ ಕರೆದುಕೊಂಡು ಅಸುಂಡಿಗೆ ನಡೆದರು, ನೀನು ನನ್ನ ಅಂಗಿಯ ಚುಂಗು ಹಿಡಿದು ಬೆನ್ನು ಹತ್ತಿದೆ. ಮಕ್ಕಳಿಗೆ ಇದ್ದದ್ದು ನೀರಿನ ಕೆಲಸ. ಬಾವಿಯಿಂದ ತಂಬಿಗೆಯಲ್ಲಿ ತಂದು ಗೋಡೆಗೆ ಹೊಡೆಯುವುದು. ನೀನು ತರುವಷ್ಟರಲ್ಲಿ ಅರ್ಧ ನೀರು ನಿನ್ನ ಲಂಗಕ್ಕೇ ಆಗುತ್ತಿತ್ತು. ಗೂಡಿನ ದಿನ ಮನೆಯೊಡತಿ ಫಕ್ಕೀರವ್ವಜ್ಜಿ ಬರಲೇ ಇಲ್ಲ. ಊರವರ ಕೈಯಿಂದ ಮನೆ ಕಟ್ಟಿಸಿಕೊಳ್ಳಲು ನಾಚಿ ಯಾರದೋ ಹೊಲಕ್ಕೆ ಕೂಲಿಗೆ ಹೋಗಿ ಕುಳಿತಿದ್ದಳು. ಗೌಂಡಿಗೆ ಗಡಿಬಿಡಿ. ಹೆಣ್ಣುಮಕ್ಕಳು ಯಾರಾದರೂ ಬಂದು ಕೈ ಹಿಡಿಯಿರಿ ಎಂದ, ದೊಡ್ಡವರೆಲ್ಲ ಹಿಂದೆ ಮುಂದೆ ನೋಡುವಷ್ಟರಲ್ಲಿ ನೀನು ಓಡಿಹೋಗಿ ನಿಂತೆ. ಅವನು ತಲೆ ತಗ್ಗಿಸಿ ಕಲ್ಲು ಏರಿಸುತ್ತಿದ್ದವನು ನೋಡಲೂ ಇಲ್ಲ, ನಿನ್ನ ಅಂಗೈಗೆ ಗೋಡೆ ತಾಗಿತು, ನೀನು ‘ಸಾಕ್ರೀ’ ಎಂದು ಕಿರುಚಿದೆ. ಮಾಸ್ತರರು ಬಂದು ನೋಡಿ ಹಣೆ ಬಡಿದುಕೊಂಡರು. ಗೋಡೆ ಬಿಚ್ಚಿ ಮತ್ತೆ ಕಟ್ಟೋಣ ಎಂದರೆ ಸಂಜೆ ಬಂದ ಅಜ್ಜಿ ಒಪ್ಪಲಿಲ್ಲ. ‘ಕೂಸು ಇಟ್ಟ ಕೈ ಐತಿ, ಇರಲಿ ಬಿಡ್ರಿ. ನಾ ಕುಂತ ಹಚ್ಚತೀನಿ’ ಅಂದಳು. ಸಾಯುವ ತನಕ ಅಜ್ಜಿ ದೀಪವನ್ನು ಕುಳಿತೇ ಹಚ್ಚಿದಳು. ಹಿಂದೆ ಮುಂದೆ ಯಾರೂ ಇಲ್ಲದ ಜೀವ, ಹೋಗುವಾಗ ಆ ಜಾಗವನ್ನು ಬಳಗಕ್ಕೆ ಬರೆದುಕೊಟ್ಟು ಹೋದಳು. ಕಳೆದ ತಿಂಗಳು ಬೀಳಲಾಗಿದ್ದ ಆ ಹಳೆಯ ಮನೆಯನ್ನು ನಾವೇ ಇಳಿಸಿದೆವು, ನಿನ್ನ ಮನೆ ಏಳುತ್ತಿರುವುದು ಅದೇ ಜಾಗದಲ್ಲಿ. ನಿನ್ನ ಗೂಡಿದ್ದ ಗೋಡೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಒಳಗೆಲ್ಲ ಮಸಿ ಹಿಡಿದು ಕರಿ ಬಾಣಲೆಯ ಹಾಗಾಗಿತ್ತು. ತಳದ ಹಾಸುಗಲ್ಲನ್ನು ನಾನೇ ತೊಳೆದು ತೆಗೆದಿಟ್ಟಿದ್ದೇನೆ, ಹೊಸ ಗೂಡಿಗೆ ಹಾಕಬೇಕು.

ಅಲ್ಲಿ ಕುಳಿತು ಆ ಕಲ್ಲು ತೊಳೆಯುವಾಗ ಏನೇನೋ ಲೆಕ್ಕ ಬಂತು. ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಮಾಗಡಿಯಲ್ಲಿ ಮನೆ ಕಟ್ಟುವಾಗ ಶೈಲಾ ಹೊಸದಾಗಿ ಮದುವೆಯಾಗಿ ಬಂದವಳು. ಹೆಂಡತಿ ನೋಡುತ್ತಾಳೆಂದು ನಾನು ಎರಡೆರಡು ಬುಟ್ಟಿ ಕಲ್ಲು ಒಟ್ಟಿಗೆ ಹೊತ್ತೆ. ಅವಳು ಕೆರೆಗೆ ಇಳಿದ ಪರದೇಶದ ಹಕ್ಕಿಗಳನ್ನು ನೋಡುತ್ತಾ ನಿಂತಿದ್ದಳು, ನನ್ನ ಕಡೆ ತಿರುಗಲಿಲ್ಲ. ನಲವತ್ತೈದಕ್ಕೆ ಬಿಂಕದಕಟ್ಟಿಯಲ್ಲಿ ನನಗೆ ಬುಟ್ಟಿ ಬಿಡಿಸಿ ದಾರಕ್ಕೆ ಕಟ್ಟಿದ ಗುಂಡು ಕೊಟ್ಟರು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಿ ಹೇಳುವ ದೊಡ್ಡ ಮನುಷ್ಯನಾದೆ. ನೀನು ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದ ವರ್ಷ ಅದು. ಅತ್ತು ಅತ್ತು ಸಾಕಾಗಿ ಒಂದು ದಿನ ‘ನಾನೂ ಬರತೀನಿ ಅಣ್ಣಾ’ ಎಂದು ಬುತ್ತಿ ಕಟ್ಟಿಕೊಂಡು ಹೊರಟೆ. ಮೂವತ್ತು ಜನಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಅಲ್ಲಿಂದ ಮುಂದೆ ಪ್ರತಿ ಮನೆಗೂ ನೀನೇ ಬುತ್ತಿ. ಈಗ ಅರವತ್ನಾಲ್ಕಕ್ಕೆ ನನ್ನ ಕೈಗೆ ಮತ್ತೆ ನೀರು ಬಂದಿದೆ. ಪೈಪು ಹಿಡಿದು ಗೋಡೆ ನೆನೆಸುವುದು, ಅಷ್ಟೇ ಕೆಲಸ. ಕಾಲೇಜು ಹುಡುಗಿಯರು ‘ಕಾಕಾ, ನೆರಳಾಗ ಕುಂಡ್ರಿ’ ಅನ್ನುತ್ತಾರೆ. ಮಧ್ಯಾಹ್ನ ಹೋಟೆಲಿನ ಪೊಟ್ಟಣ ಬಿಚ್ಚುತ್ತೇವೆ.  ನಾನು ಮಾತ್ರ ಪೊಟ್ಟಣ ಹಿಡಿದು ಸ್ವಲ್ಪ ದೂರ ಹೋಗಿ ಕುಳಿತುಕೊಳ್ಳುತ್ತೇನೆ.

ಮೂರು ವರ್ಷದ ಹಿಂದಿನ ಆ ಶ್ರಾವಣದ ಮಾತನ್ನು ಬರೆಯದೆ ಮುಂದೆ ಹೋಗಲಾಗುವುದಿಲ್ಲ. ನಮ್ಮ ಬೆಟಗೇರಿ ಮನೆಯ ಗೂಡಿಗೆ ‘ಸಾಕು’ ಅಂದವಳು ನಿನ್ನ ವೈನಿ. ಶೈಲಾ ಎತ್ತರದ ಹೆಂಗಸು, ಗೂಡು ಎತ್ತರಕ್ಕೆ ಹೋಯಿತು. ಅವಳು ತೀರಿಕೊಂಡ ಮೇಲೆ ಬೆಳಗಿನ ದೀಪ ನೀನು ಮಣೆಯ ಮೇಲೆ ನಿಂತು ಹಚ್ಚುತ್ತಿದ್ದೆ. ಸಂಜೆಯ ದೀಪ ಮಾತ್ರ ನನ್ನದೇ ಎಂದು ನಾನು ಹಟ ಹಿಡಿದಿದ್ದೆ, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಹಚ್ಚುತ್ತಿದ್ದೆ, ಎಣ್ಣೆ ಗೋಡೆಗೆ ಇಳಿಯುತ್ತಿತ್ತು. ಆ ದಿನ ಸಂತೆಯಿಂದ ಬಂದಾಗ ಗೌಂಡಿ ಬೀರಲಿಂಗ ನನ್ನ ಪಡಸಾಲೆಯಲ್ಲಿ ಕುಳಿತು ಶೈಲಾಳ ಗೂಡಿನ ಕೆಳಗೆ ಉಳಿ ಹಾಕಿ ಕೆತ್ತುತ್ತಿದ್ದ. ಪಕ್ಕದಲ್ಲಿ ನೀನು ನಿಂತಿದ್ದೆ. ನನಗೆ ತಲೆ ಕೆಟ್ಟಿತು. ‘ಗ್ವಾಡಿಗೆ ಕೈ ಹಚ್ಚಾಕ ನಿನಗ್ಯಾರ ಹೇಳಿದ್ರು? ಇದು ನನ್ನ ಮನಿ’ ಎಂದು ನಿನಗೆ ಅಂದೆ. ಗೌಂಡಿಯ ಮುಂದೆ ಅಂದೆ. ನೀನು ‘ಖರೆ ಐತಿ ಅಣ್ಣಾ’ ಅಂದೆ, ಕಸಬರಿಗೆ ತಂದು ಬಿದ್ದ ಪುಡಿಯನ್ನೆಲ್ಲ ಗುಡಿಸಿದೆ, ನನಗೆ ಊಟಕ್ಕೆ ಹಾಕಿದೆ. ಎಂಟು ದಿನಕ್ಕೆ ವಿಜಯಪುರದ ಗಾಡಿ ಹತ್ತಿದೆ. ಐವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರಿಗೆ ಜಾಗ ಮಾಡಿಕೊಟ್ಟವನು ನಾನು. ಸುಳ್ಳು ಹೇಳುವುದಿಲ್ಲ, ಈಗಲೂ ನನಗೆ ಒಂದು ಸಿಟ್ಟು ಉಳಿದಿದೆ. ನೀನು ಗಿಡ್ಡ, ನಿನಗೆ ಮಣೆ ಹತ್ತುವುದು ಕಷ್ಟ, ಒಪ್ಪಿದೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ಅನ್ನುತ್ತಿದ್ದೆನೇನೋ. ಆ ಕೆತ್ತಿದ ಜಾಗವನ್ನು ಮುಚ್ಚಿಸಲೂ ಇಲ್ಲ, ಪೂರ್ತಿ ಮಾಡಿಸಲೂ ಇಲ್ಲ. ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೇನೆ. ವರ್ಷ ವರ್ಷ ಕ್ಯಾಲೆಂಡರ್ ಬದಲಾಗುತ್ತದೆ.

ಕಾರ್ತಿಕದಲ್ಲಿ ಬಳಗದ ಸಭೆ ಆಯಿತು. ಈ ವರ್ಷ ಯಾರ ಮನೆ ಎಂಬ ಚರ್ಚೆ. ಮಾಗಡಿಯ ಮಂಜವ್ವ ಎಂಬಾಕೆಯ ಹೆಸರು ಬಂತು, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಾಡಪತ್ರಿಯ ಕೆಳಗೆ ಇದ್ದಾಳೆ. ನಾನು ಎದ್ದು ನಿಂತು ನಿನ್ನ ಹೆಸರು ಹೇಳಿದೆ. ಎಲ್ಲರೂ ನಕ್ಕರು, ಚೇಷ್ಟೆ ಎಂದುಕೊಂಡರು. ‘ಕಸ್ತೂರಕ್ಕಗ ಮನಿ ಇಲ್ಲೇನ್ರಿ? ನಿಮ್ಮ ಮನಿ ಐತೆಲ್ಲ?’ ಎಂದಳು ರೇಷ್ಮಾ. ಅವಳು ಕಾಯಿದೆಯ ಹುಡುಗಿ, ಅರ್ಜಿ ತುಂಬಿಕೊಡಿ ಎಂದು ಕಾಗದ ಮುಂದೆ ಇಟ್ಟಳು. ಅದರಲ್ಲಿ ಒಂದು ಕಾಲಂ ಇದೆ, ‘ಕುಟುಂಬದವರ ಮನೆಯಲ್ಲಿ ಆಸರೆ ಇಲ್ಲದಿದ್ದರೆ ಕಾರಣ’ ಎಂದು. ಆ ಕಾಲಂ ಮಾಡಿಸಿದವನು ನಾನೇ, ಹತ್ತು ವರ್ಷದ ಹಿಂದೆ, ಸುಳ್ಳು ಅರ್ಜಿ ಹಾಕುವವರನ್ನು ಹಿಡಿಯಲೆಂದು! ಪೆನ್ನು ಹಿಡಿದು ಎಷ್ಟು ಹೊತ್ತು ಕುಳಿತೆನೋ. ಕೊನೆಗೆ ‘ಅಣ್ಣ ಇದು ನನ್ನ ಮನೆ ಅಂದ’ ಎಂದು ಬರೆದೆ. ಅರ್ಜಿಯನ್ನು ಸಭೆಯಲ್ಲಿ ಜೋರಾಗಿ ಓದುವುದು ನಿಯಮ. ರೇಷ್ಮಾ ಓದುತ್ತಾ ಬಂದವಳು ಆ ಸಾಲಿಗೆ ಬಂದು ನನ್ನ ಮುಖ ನೋಡಿದಳು. ನಾನು ‘ಓದವಾ, ಓದು’ ಅಂದೆ. ಓದಿದಳು. ಯಾರೂ ನಗಲಿಲ್ಲ. ಐವತ್ತು ವರ್ಷ ಊರಿನವರಿಗೆಲ್ಲ ಮನೆ ಕಟ್ಟಿದವನೆಂದು ಶಾಲು ಹೊದಿಸಿಕೊಂಡವನು ನಾನು, ಆ ದಿನ ಕುರ್ಚಿಯಲ್ಲಿ ಕುಳಿತುಕೊಳ್ಳಲು ನಾಚಿಕೆಯಾಗಿ ಬಾಗಿಲ ಹತ್ತಿರ ನಿಂತೇ ಇದ್ದೆ. ನಮ್ಮ ಹಿತ್ತಲಲ್ಲೇ ಕಟ್ಟೋಣವೇ ಎಂದು ಯಾರೋ ಕೇಳಿದರು. ಬೇಡ ಅಂದೆ. ನನ್ನ ಹಿತ್ತಲಲ್ಲಿ ಎದ್ದರೆ ಅದೂ ನನ್ನ ಮನೆಯೇ ಆಗುತ್ತದೆ, ನಾಳೆ ಇನ್ನೊಂದು ದಿನ ನನ್ನ ನಾಲಿಗೆ ಸುಮ್ಮನಿರುತ್ತದೆಂದು ಯಾರಿಗೆ ಗೊತ್ತು. ಅಸುಂಡಿ ಎಂದು ತೀರ್ಮಾನವಾಯಿತು. ಮಂಜವ್ವನದು ಮುಂದಿನ ವರ್ಷ.

ಆದರೆ ಕಸ್ತೂರೀ, ಅರ್ಜಿಯ ಕೆಳಗೆ ನಿನ್ನ ಸಹಿಯ ಜಾಗ ಇನ್ನೂ ಖಾಲಿ ಇದೆ. ಸುಗ್ಗಿ ಮುಗಿದು ಯುಗಾದಿಯೊಳಗೆ ಮಾತ್ರ ಜನ ಸಿಗುತ್ತಾರೆ, ಗೂಡಿನವರೆಗೆ ಯಾರ ಮನೆಯಾದರೂ ಒಂದೇ ಎಂದು ಕೆಲಸ ಶುರು ಮಾಡಿದರು. ಈಗ ಬೀರಲಿಂಗನೇ ಗೌಂಡಿ. ಅವನು ಗುರುವಾರ, ಹದಿಮೂರನೆಯ ತಾರೀಖಿನ ತನಕ ಕಾಯುತ್ತಾನೆ, ಆಮೇಲೆ ಅವನಿಗೆ ಶಿರಹಟ್ಟಿಯಲ್ಲಿ ಬೇರೆ ಕೆಲಸ. ನೀನು ಬಂದು ‘ಸಾಕು’ ಅನ್ನದಿದ್ದರೆ ಮಂಜವ್ವ ಬಂದು ಅನ್ನುತ್ತಾಳೆ, ಮನೆ ಅವಳದಾಗುತ್ತದೆ. ಅದಕ್ಕೆ ನಾನು ಅಡ್ಡ ಬರುವುದಿಲ್ಲ, ಆ ಮಕ್ಕಳ ಮುಖ ನೋಡಿದ್ದೇನೆ. ನಿನ್ನೆ ರೇಷ್ಮಾ, ನನ್ನ ಎತ್ತರ ಕಸ್ತೂರಕ್ಕನಷ್ಟೇ ಇದೆ, ನಾನೇ ಕೈ ಹಿಡಿಯಲೇ ಎಂದಳು. ಹೆಚ್ಚುಕಡಿಮೆ ಬೈದೇಬಿಟ್ಟೆ. ಒಬ್ಬರ ಮನೆಗೆ ಇನ್ನೊಬ್ಬರ ಕೈ ಹಿಡಿದು ಒಬ್ಬಳು ಅಜ್ಜಿ ಜೀವಮಾನವೆಲ್ಲ ಕುಳಿತು ದೀಪ ಹಚ್ಚಿದ್ದು ಸಾಲದೇ? ನಿನ್ನ ಕೈ ನಿನ್ನದೇ ಆಗಬೇಕು. ಬೇರೆಯವರ ಮನೆಯಲ್ಲಿ ಐವತ್ತು ವರ್ಷ ಇದ್ದ ನಿನ್ನ ಗೂಡು ಒಂದು ದಿನವಾದರೂ ನಿನ್ನ ಮನೆಯಲ್ಲಿರಲಿ. ಬಂದರೆ ನನ್ನ ಜೊತೆ ಮಾತಾಡಬೇಕೆಂದಿಲ್ಲ. ನಾನು ದೂರ ಪೈಪು ಹಿಡಿದು ನಿಂತಿರುತ್ತೇನೆ. ಆಮೇಲೆ ಯಾವತ್ತಾದರೂ ಅಸುಂಡಿ ಗಾಡಿ ಇಳಿದು ನಿನ್ನ ಬಾಗಿಲ ಹೊರಗೆ ನಿಂತು ಬರಬಹುದೇ ಎಂದು ಕೇಳುತ್ತೇನೆ. ಬೇಡ ಅನ್ನುವ ಹಕ್ಕು ನಿನ್ನದು.

ಓದಿದ ಮಗಳಿಗೆ ದೇವರು ಒಳ್ಳೆಯ ಮಾರ್ಕು ಕೊಡಲಿ. ನೀನು ಕಾಲಿಗೆ ಎಣ್ಣೆ ಹಚ್ಚಿಕೋ, ತಣ್ಣೀರಿನಲ್ಲಿ ಪಾತ್ರೆ ತೊಳೆಯಬೇಡ. ನೂರು ವರ್ಷ ಬಾಳು.

ನಿನ್ನ ಅಣ್ಣ,
ಪುಂಡಲೀಕಪ್ಪ

ತಾ.ಕ.: ಬೆಳಿಗ್ಗೆ ಲಕೋಟೆ ಅಂಟಿಸಿಟ್ಟು ಅಸುಂಡಿಗೆ ಹೋಗಿದ್ದೆ. ಈಗ ಸಂಜೆ ಬಂದವನೇ ಹರಿದು ಮತ್ತೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ವಿಜಯಪುರ ಗಾಡಿಯ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ, ಅಂಚೆಯನ್ನು ನಂಬಿ ಕೂರಲು ಹೊತ್ತಿಲ್ಲ. ಇವತ್ತು ಬೀರಲಿಂಗನ ಜೊತೆ ಮಾತಿಗೆ ಮಾತು ಬಂದು, ನನ್ನ ತಂಗಿ ಗಿಡ್ಡ ಮಾರಾಯ, ನಮ್ಮ ಮನೆಯಲ್ಲಿ ನಿನ್ನಿಂದ ಗೂಡು ಕೆತ್ತಿಸಿದ್ದೂ ಅದಕ್ಕೇ ಅಲ್ಲವೇ ಅಂದೆ. ಅವನು ಗಾರೆ ಮೆತ್ತುವ ಥಾಪಿ ಕೆಳಗಿಟ್ಟು ನನ್ನನ್ನೇ ನೋಡಿದ. ‘ಕಾಕಾ, ಆ ಗೂಡು ಅಕ್ಕಾರಿಗಲ್ರಿ. ಅಕ್ಕಾರು ಇದ್ದಲಿಲೆ ಗೆರಿ ಎಳದಿದ್ರು. ನಮ್ಮಣ್ಣನ ಬಲಗೈ ಇಲ್ಲಿಗೆ ನಿಂದರತೈತಿ, ಮ್ಯಾಲ ಏಳಂಗಿಲ್ಲ. ದಿನಾ ಸಂಜಿಕಿ ಹಲ್ಲ ಕಚ್ಚಿ ದೀಪಾ ಇಡತಾನ. ಹೇಳಿದ್ರ ಒಪ್ಪಂಗಿಲ್ಲ, ಅವ ಬರೂದ್ರೊಳಗ ಮುಗಸು ಅಂದಿದ್ರು’ ಅಂದ. ಮೂರು ವರ್ಷ ಯಾಕೆ ಹೇಳಲಿಲ್ಲವೋ ಎಂದರೆ ‘ನೀವು ಕೇಳಿದ್ರೇನ್ರಿ?’ ಅಂದ.

ಬಂದು ಕ್ಯಾಲೆಂಡರ್ ತೆಗೆದೆ. ಇದ್ದಲಿನ ಗೆರೆಯ ಒಂದು ತುದಿ ಇನ್ನೂ ಇದೆ. ಎದುರು ನಿಂತು ಬಲಗೈ ಚಾಚಿ ಮೇಲೆತ್ತಿದೆ. ನೀನು ಎಳೆದಲ್ಲಿಗೇ ಬಂದು ನಿಂತಿತು. ಖಾಲಿ ಮನೆಯಲ್ಲಿ ಒಬ್ಬನೇ ನಿಂತು ‘ಸಾಕು’ ಅಂದುಬಿಟ್ಟೆ. ತಪ್ಪಾಯಿತು ಕಸ್ತೂರಿ. ಗುರುವಾರ ಬಾ. ಆ ತೂತು ಮೂರು ಬೆರಳು ಆಳವಿದೆ, ಸಣ್ಣ ಹಣತೆ ಹಿಡಿಯುತ್ತದೆ. ಈಗಷ್ಟೇ ಹಚ್ಚಿಟ್ಟು ಬಂದು ಬರೆಯುತ್ತಿದ್ದೇನೆ. ಕೈ ನೋಯಲಿಲ್ಲ.